ಗೋಡೆಯ ಮೇಲಿನ ಗಂಧದ ಕೈ

ಲಕ್ಷ್ಮೇಶ್ವರದ ನಮ್ಮ ಮನೆಯಲ್ಲಿ ಗುಡಿಗೆ ಗಂಧ ತೇಯುವ ಕೆಲಸ ಅಜ್ಜಿಯದು. ಮದುವೆಯಾಗಿ ಬಂದಾಗಿನಿಂದ ಅದನ್ನು ಆಕೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ದೇವರ ಕೋಣೆಯ ನೆಲದ ಮೇಲೆ ಒಂದು ಮಣೆ, ಎದುರಿಗೆ ಸಾಣೆಕಲ್ಲು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿರಬೇಕು, ಆಕೆಯ ಮೊಣಕಾಲು ಕೈಕೊಟ್ಟವು. ಕೂತರೆ ಏಳುವುದೇ ಕಷ್ಟ. ಒಂದು ಬೆಳಿಗ್ಗೆ ಏಳಲು ಹೋಗಿ ಗಂಧದ ಬಟ್ಟಲಿನ ಸಮೇತ ಬಿದ್ದಳು.

"ನಾಳಿಂದ ನಾ ತೇಯ್ತೀನಿ, ನೀವು ಹೊರಗ ಆರಾಮ ಕೂಡ್ರಿ," ಎಂದಳು ಅವ್ವ.

"ಯಾಕ, ನನ್ನ ಕೈಗೇನಾಗ್ಯದ? ಕಾಲಿಂದ ತೇಯ್ತಾರೇನು?" ಎಂದು ಅಜ್ಜಿ ಸಿಡುಕಿದಳು. ಆದರೆ ಆ ದಿನ ಊಟ ಮಾಡಲಿಲ್ಲ.

ನಾನಾಗ ಹುಬ್ಬಳ್ಳಿಯ ಕಾನ್ವೆಂಟಿನಿಂದ ಹಾಲಿಡೇಸ್‌ಗೆ ಬಂದಿದ್ದೆ. ಸಿಸ್ಟರ್‌ಗಳ ಪಾರ್ಲರ್‌ನಲ್ಲಿದ್ದಂಥ ಆರ್ಮ್‌ಚೇರ್ ಒಂದನ್ನು ಫೂಟು, ಇಂಚು ಹಾಕಿ ಡ್ರಾ ಮಾಡಿದೆ. ಕೆಳಗೆ 'ಫ್ರೆಂಚ್ ಪಾಲಿಶ್' ಎಂದೂ ಬರೆದೆ. ಅಪ್ಪ ಊರಿನ ಸಾಬರ ಓಣಿಯಿಂದ ಒಬ್ಬ ಹಿರಿಯ ಬಡಿಗರನ್ನು ಕರೆಸಿದರು. ಅವರು ದೇವರ ಕೋಣೆಯ ಹೊಸ್ತಿಲ ಹೊರಗೇ ನಿಂತು ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಚಂದ ತಗದೀರಿ ತಂಗಿ. ಖರೆ, ಇದರಾಗ ಕುಂತ್ರ ಕಲ್ಲಿಗೆ ಕೈ ಹೆಂಗ ಮುಟ್ಟತೈತಿ? ಅಜ್ಜಿ ಬಾಯಾರು ಗಂಧ ತೇಯೋರೋ, ಫೋಟೋ ತಗಸೋರೋ?"

ಬಿದ್ದ ದಿನದಿಂದ ಅಜ್ಜಿ ನಕ್ಕದ್ದು ಅದೇ ಮೊದಲು.

ಅವರು ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ದಿನಕ್ಕೊಂದರಂತೆ ಮಣೆಯ ಮೇಲೆ ಮಣೆ ಪೇರಿಸಿ ಅಜ್ಜಿಯನ್ನು ಕೂರಿಸಬೇಕು, ಗೋಡೆ ಹಿಡಿಯದೆ ಎದ್ದ ದಿನ ಎಷ್ಟು ಮಣೆ ಇದ್ದವೆಂದು ಹೇಳಬೇಕು ಎಂದು ನನಗೆ ಕೆಲಸ ಕೊಟ್ಟು ಹೋದರು. ಎರಡನೆಯ ದಿನವೇ ಅಜ್ಜಿ ಗೋಡೆ ಮುಟ್ಟದೆ, ಹಲ್ಲು ಕಚ್ಚಿ ಎದ್ದುಬಿಟ್ಟಳು. ಹಣೆಯ ತುಂಬ ಬೆವರು. "ಎರಡ ಸಾಕಂತ ಹೇಳು. ನೆಲ ಬಿಟ್ಟು ಅಷ್ಟು ಮ್ಯಾಲೆ ಕೂತ್ರ ದೇವರ ಕೆಲಸ ಅನಸೋದಿಲ್ಲ." ಬಡಿಗರು ಬಂದಾಗ ನಾನೂ ಬೆವರಿನ ಮಾತು ಬಿಟ್ಟು ಎರಡು ಎಂದೇ ಹೇಳಿದೆ.

ಅವರು ನನ್ನನ್ನು ನೋಡಲಿಲ್ಲ, ಗೋಡೆಯನ್ನು ನೋಡಿದರು. ಅಜ್ಜಿ ಏಳುವಾಗ ಊರಿದ ಗಂಧದ ಕೈ ಅಲ್ಲಿ ಸುಣ್ಣದ ಮೇಲೆ ಒಂದರ ಮೇಲೊಂದು ಮೂಡಿತ್ತು, ಎಲ್ಲವೂ ಬಲಗೈ. ನನ್ನ ಕೈಗೊಂದು ಕೋಲು ಕೊಟ್ಟು ಗೋಡೆಗೆ ನಿಲ್ಲಿಸಲು ಹೇಳಿದರು. ಅಂಗೈ ಪೂರ್ತಿ ಒತ್ತಿದ್ದ ಗುರುತಿನ ನೇರಕ್ಕೆ ನಾನು ಕೋಲಿನಲ್ಲಿ ಗೀರು ಹಾಕಿದೆ.

"ಇಷ್ಟು ಮ್ಯಾಲೆ ಕೈ ಊರೋರಿಗೆ ಎರಡು ಮಣಿ ಸಾಲಂಗಿಲ್ಲ. ಗ್ವಾಡಿಗೆ ಯಾರ ಮುಲಾಜೂ ಇಲ್ಲ ನೋಡ್ರಿ ಬಾಯಾರ."

ಕಾನ್ವೆಂಟಿನಲ್ಲಿ ಕನ್ಫೆಷನ್ ಎಂಬುದರ ಬಗ್ಗೆ ಕೇಳಿದ್ದೆ. ಅದರ ನಾಚಿಕೆ ಎಂಥದೆಂದು ಅವತ್ತು ಗೊತ್ತಾಯಿತು.

ಎಂಟು ದಿನಕ್ಕೆ ಸಾಗವಾನಿಯ ಆಸನ ಬಂತು. ನಾಲ್ಕು ಮಣೆಯಷ್ಟು ಎತ್ತರ. ಬಲಕ್ಕೆ ಮಾತ್ರ ಒಂದು ಹಿಡಿ, ಕೋಲಿನ ಗೀರಿನಷ್ಟೇ ಮೇಲೆ. ಮುಂದೆ ಅದೇ ಚೌಕಟ್ಟಿಗೆ ಸೇರಿದಂತೆ ಸಾಣೆಕಲ್ಲಿಗೊಂದು ಪೀಠ, ಕಲ್ಲು ಜಾರದಂತೆ ಸುತ್ತ ಅಂಚು. ಇಡೀ ಆಸನಕ್ಕೆ ಒಂದೂ ಕಬ್ಬಿಣದ ಮೊಳೆ ಇರಲಿಲ್ಲ, ಎಲ್ಲ ಬಿದಿರಿನ ಗೂಟ. ಅಷ್ಟು ಎಲಿಗೆಂಟ್ ಆದ ವಸ್ತುವನ್ನು ನಾನು ಆಮೇಲೆ ಯಾವ ಶೋರೂಮಿನಲ್ಲೂ ಕಂಡಿಲ್ಲ.

"ಪಾಲಿಶ್ ಮಾಡಿಲ್ಲೇನ್ರಿ?" ಎಂದು ಕೇಳಿದೆ.

"ಬಾಯಾರು ಮಡಿ ಅಂತ ದಿನಾ ಹತ್ತು ಕೊಡ ನೀರು ಸುರುವೋರು. ಪಾಲಿಶ್ ನಿಂದರತೈತೇನ್ರಿ? ಮೊಳಿ ಹೊಡದ್ರ ತುಕ್ಕು ಗಂಧದಾಗ ಇಳೀತೈತಿ."

ಅಜ್ಜಿ ಆಗಲೇ ನೀರಿನ ಕೊಡ ಹಿಡಿದು ನಿಂತಿದ್ದಳು. ಮುಖ ಕೆಂಪಾಯಿತು. "ಹತ್ತಲ್ಲ, ಒಂದ," ಎಂದು ಸಣ್ಣ ದನಿಯಲ್ಲಿ ಹೇಳಿ ಆಸನದ ಮೇಲೆ ಸುರುವಿದಳು. ಅವರು ಜೋರಾಗಿ ನಕ್ಕರು.

ಆಮೇಲೆ ಕೂತಳು, ತೇದಳು. ಹಿಡಿಯ ಮೇಲೆ ಕೈಯಿಟ್ಟು ಸಲೀಸಾಗಿ ಎದ್ದು ನಿಂತಳು.

"ಎತ್ತರ ಜಾಸ್ತಿ ಆತು."

"ಹೌದೇನ್ರಿ? ಗರಗಸ ತಂದೀನಿ, ಈಗಿಂದೀಗ ಕಡೀತೀನಿ."

"ಬ್ಯಾಡ, ಬ್ಯಾಡ! ಇರಲಿ ಬಿಡ್ರಿ."

ಆ ದೀಪಾವಳಿಗೆ ಸುಣ್ಣ ಹೊಡೆಸುವಾಗ ಒಂದು ಕೈಯನ್ನಾದರೂ ಉಳಿಸೋಣವೆಂದು ನಾನು ಕೇಳಿಕೊಂಡೆ. ಅಜ್ಜಿ ಒಪ್ಪಲಿಲ್ಲ, ಪೂರಾ ಹೊಡೆಸಿದಳು. ಐವತ್ತಾರರಲ್ಲಿ ಕನ್ನಡ ನಾಡು ಒಂದಾದ ದಿನ ಅಪ್ಪ ಗುಡಿಯಿಂದ ಹಣೆಗೆ ಹಚ್ಚಿಕೊಂಡು ಬಂದದ್ದೂ ಆಕೆ ತೇದ ಗಂಧವೇ. ಗೋಡೆ ಆಗಲೂ ಬೆಳ್ಳಗೇ ಇತ್ತು.