ನಮ್ಮ ಪದ್ಮಾಬೆನ್

ಗರಗರ ಗರಗರ. ಎದುರು ಮನೆಯ ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗತೊಡಗಿದರೆ ಪದ್ಮಾಳಿಗೆ ಗೊತ್ತಾಗುತ್ತಿತ್ತು, ಚೈತ್ರಾ ಬಾಣಲೆ ಒಲೆಗೇರಿಸಿದ್ದಾಳೆ ಎಂದು. ಆ ಉಪಾಯ ಹೇಳಿಕೊಟ್ಟವಳೂ ಪದ್ಮಾಳೇ. ಮೀನು ಹುರಿಯುವಾಗ ಕಿಟಕಿ ಮುಚ್ಚಿ ಫ್ಯಾನ್ ಹಾಕು, ಪೈಪುಗಳಿರುವ ಸಂದಿನಿಂದ ವಾಸನೆ ಮೇಲೆ ಹೋಗಿಬಿಡುತ್ತದೆ ಎಂದಿದ್ದಳು.

ಪದ್ಮಾ ಕುಮಟಾದವಳು. ಗಂಡ ದಿವಾಕರನಿಗೆ ವಿಮಾ ಕಚೇರಿಯಲ್ಲಿ ಕೆಲಸ. ವರ್ಗವಾಗಿ ಸೂರತ್‌ಗೆ ಬಂದಾಗ ಅಡಾಜನ್ ಬಡಾವಣೆಯ ಈ ಹೌಸಿಂಗ್ ಸೊಸೈಟಿಯಲ್ಲಿ ಮನೆ ತೋರಿಸಿದ ದಲ್ಲಾಳಿ, ನೀವು ವೆಜಿಟೇರಿಯನ್ ತಾನೆ ಎಂದು ಕೇಳಿದ್ದ. ಹೌದು ಎಂದಳು. ಮನೆ ಬೇಕಿತ್ತು, ಅಷ್ಟೇ. ಬಾಡಿಗೆಗೆ ಬಂದವರು ಕೊನೆಗೆ ಆ ಮನೆಯನ್ನೇ ಕೊಂಡರು. ಹೌದು ಎಂದದ್ದು ಹಾಗೇ ಉಳಿಯಿತು. ನಾಲಿಗೆ ಬಯಸಿದಾಗ ಗಂಡ ಹೆಂಡತಿ ತಾಪಿ ನದಿಯಾಚೆಯ ಹೋಟೆಲೊಂದಕ್ಕೆ ಹೋಗಿ, ಮೀನು ತಿಂದು, ಸೋಂಪು ಅಗಿಯುತ್ತ ಮರಳುತ್ತಿದ್ದರು.

ಬೇಸಿಗೆಯಲ್ಲಿ ಹೆಂಗಸರೆಲ್ಲ ತಾರಸಿಯಲ್ಲಿ ಕೂಡಿ ಅಕ್ಕಿ ಹಪ್ಪಳ ಮಾಡುವಾಗ ಹಿಟ್ಟು ಬೆಂದ ಹದ ನೋಡಲು ಅವಳನ್ನೇ ಕರೆಯುತ್ತಿದ್ದರು. ಮೇಲಿನ ಮನೆಯ ಭಾವನಾಬೆನ್ ಹೊಸಬರಿಗೆ ಅವಳನ್ನು ನಮ್ಮ ಪದ್ಮಾಬೆನ್ ಎಂದು ಪರಿಚಯಿಸಿ, ಸೌತ್‌ನವರಾದರೂ ಎಷ್ಟು ಶುದ್ಧ ಎಂದು ಸೇರಿಸುತ್ತಿದ್ದಳು. ಆ ಮಾತಿಗೆ ನಗುವುದು ಪದ್ಮಾಳಿಗೆ ರೂಢಿಯಾಗಿತ್ತು.

ಚೈತ್ರಾ ಅಂಕೋಲೆಯವಳು, ಬಾಡಿಗೆಗೆ ಬಂದವಳು. ಗಂಡ ಮಹೇಶ್‌ಗೆ ಹಜೀರಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಲಿಫ್ಟ್‌ನಲ್ಲಿ ಅವಳು ಮಗಳನ್ನು ಗದರಿದ ಕನ್ನಡ ಕೇಳಿ ಪದ್ಮಾ ತಾನಾಗಿಯೇ ಮಾತಾಡಿಸಿದ್ದಳು. ಮರುವಾರ ಡಬ್ಬಿಯಲ್ಲಿ ಬಂಗಡೆ ಸಾರು ಬಂತು. ಪದ್ಮಾ ಅದನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡಳು. ಅಂದಿನಿಂದ ಡಬ್ಬಿ ಹೋಗಿ ಬರತೊಡಗಿತು.

ಪೈಪುಗಳ ಸಂದು ಭಾವನಾಬೆನ್ ಮನೆಯ ದೇವರಕೋಣೆಯ ಕಿಟಕಿಯ ಪಕ್ಕವೇ ಹಾದುಹೋಗುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿ ಸಭೆ ಕರೆದರು. ಬಾಡಿಗೆಯವರಿಗೆ ಕರೆ ಇರಲಿಲ್ಲ. ಮೀನಿನ ವಾಸನೆ ಬರುವ ಆ ಬಾಡಿಗೆ ಮನೆ ಖಾಲಿ ಮಾಡಿಸುವಂತೆ ಮಾಲೀಕನಿಗೆ ಹೇಳೋಣ, ಒಪ್ಪುವವರು ಕೈ ಎತ್ತಿ ಎಂದ ಕಾರ್ಯದರ್ಶಿ. ನೆಗಡಿಯಾಗಿ ಮೂಗು ಕಟ್ಟಿದವರು ಎತ್ತಬೇಕಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ನಗುತ್ತಲೇ ಕೈಗಳು ಎದ್ದವು. ಪದ್ಮಾಳ ಕೈ ಮಡಿಲಲ್ಲಿತ್ತು.

ಮುಂದಿನ ಸಾಲಿನಿಂದ ಭಾವನಾಬೆನ್ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. "ಪದ್ಮಾಬೆನ್, ನಿಮ್ಮ ಬಾಗಿಲು ಎದುರಿಗೇ ಇದೆ. ಇಷ್ಟು ದಿನ ಹೇಗೆ ಸಹಿಸಿಕೊಂಡಿರಿ ಪಾಪ?"

ಅಷ್ಟು ಮುಖಗಳೂ ಇತ್ತ ಹೊರಳಿದವು. ಕೈ ಮೇಲೆ ಹೋಯಿತು. ಬಳೆ ಮೊಣಕೈಯತ್ತ ಜಾರುವುದನ್ನು ಪದ್ಮಾ ಬೇರೆಯವರ ಬಳೆಯನ್ನು ನೋಡುವಂತೆ ನೋಡಿದಳು. ಮನೆಗೆ ಬಂದು ಚಹಾ ಮಾಡಿದಳು, ಸಕ್ಕರೆ ಹದವಾಗಿತ್ತು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಲೋಟ ತೊಳೆದಿಟ್ಟಳು.

ಎರಡು ದಿನ ಬಿಟ್ಟು ಸಂಜೆ, ಮೆಟ್ಟಿಲ ಬುಡದಲ್ಲಿ ಚೈತ್ರಾ ಎದುರಾದಳು.

"ಅಕ್ಕಾ, ಇವ್ರು ಉಧ್ನಾದಲ್ಲಿ ಒಂದು ಮನೆ ನೋಡಿ ಬಂದ್ರು. ರೈಲು ಹಳಿ ಪಕ್ಕಕ್ಕೇ. ರಾತ್ರಿ ಪಾಳಿ ಮುಗ್ಸಿ ಬಂದವ್ರು ಅಲ್ಲಿ ಹೇಗೆ ಮಲಗೂದು? ನೀವು ಭಾವನಾಬೆನ್ ಹತ್ರ ಒಂದು ಮಾತು ಹೇಳಿ. ಇನ್ನು ನಾನು ಮನೇಲಿ ಮೀನು ಮಾಡೂದೇ ಇಲ್ಲ."

"ಎಲ್ರೂ ಸೇರಿ ಹೇಳಿದ್ದು ಮಾರಾಯ್ತಿ. ನನ್ ಒಬ್ಳ ಮಾತಲ್ಲಿ ಎಂತ ಉಂಟು?"

"ಕೈ ಎತ್ತಿದವ್ರಲ್ಲಿ ವಾಚ್‌ಮನ್ ನಿಮ್ಮ ಹೆಸ್ರೂ ಹೇಳ್ದ. ನಾ ನಂಬ್ಲಿಲ್ಲ. ನಮ್ಮಕ್ಕ ಆಗಿರೂಕಿಲ್ಲ, ನೀ ಬೇರೆ ಯಾರನ್ನೋ ನೋಡಿದ್ದು ಅಂದೆ."

ಪದ್ಮಾ ಗೋಡೆಯ ಮೇಲಿನ ಮೀಟರ್ ಪೆಟ್ಟಿಗೆಗಳನ್ನು ನೋಡುತ್ತಿದ್ದಳು.

ಗೇಟಿನ ಬಳಿ ವಾಕಿಂಗ್‌ಗೆ ಹೊರಟ ಹೆಂಗಸರು ನಿಂತಿದ್ದರು. ಭಾವನಾಬೆನ್ ಕೈಬೀಸಿ ಕರೆದಳು. ಚೈತ್ರಾ ದನಿ ತಗ್ಗಿಸಿ, ಮಗಳ ಶಾಲೆ ಈಗಷ್ಟೇ ಹೊಂದಿಕೆಯಾಗಿತ್ತು, ನಡುವರ್ಷ ಬಿಡಿಸಿದರೆ ಬೇರೆ ಕಡೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎನ್ನುತ್ತಿದ್ದಳು. "ಅಕ್ಕಾ, ನೀವಾದ್ರೂ ನಂಗೆ..."

ಪದ್ಮಾ ದುಪಟ್ಟಾ ಸರಿಪಡಿಸಿಕೊಂಡು ಗೇಟಿನತ್ತ ನಡೆದಳು.