ಲೊವೀನಾ ಉಜ್ಜಿದ ಗಾಜು

ನನ್ನ ನಾದಿನಿ ಲೊವೀನಾಳ ವಿಷಯ ಕೇಳಿದೆಯಲ್ಲ, ಹೇಳುತ್ತೇನೆ, ಬರೆದುಕೋ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ವರ್ಮಾಂಟಿನ ನಮ್ಮ ಬ್ರಾಂಟನ್ ಮಿಲ್ಸ್‌ನಲ್ಲಿ ಅವಳದೊಂದು ಬೇಕರಿ ಇತ್ತು. ಲೇತ್ ಯಂತ್ರ ಮಾಡುವ ಕಾರ್ಖಾನೆಗೆ ಹೋಗುವವರೆಲ್ಲ ಬೆಳಿಗ್ಗೆ ಅವಳು ಕರಿದ, ನಡುವೆ ತೂತಿನ ಡೋನಟ್ ತಿಂದೇ ಹೋಗುತ್ತಿದ್ದರು. ನನ್ನ ಗಂಡ ಏಮಸ್ ಮಾತ್ರ, ತಂಗಿ ಮಾಡಿದ್ದರಲ್ಲಿ ಕೊಬ್ಬು ಜಾಸ್ತಿ ಎಂದು ಗೊಣಗುತ್ತಲೇ ಇನ್ನೊಂದಕ್ಕೆ ಕೈ ಚಾಚುತ್ತಿದ್ದ. ಅವನ ಬಾಯಿಚಪಲದ ಕತೆ ಬೇರೆಯೇ ಇದೆ, ಇರಲಿ.

ಯಾವುದೋ ಮಾಸಪತ್ರಿಕೆಯಲ್ಲಿ ಲೊವೀನಾ ಓದಿದಳು: ದಪ್ಪ ಗಾಜಿನ ಬಿಲ್ಲೆಯನ್ನು ಮನೆಯಲ್ಲೇ ಉಜ್ಜಿ, ನಡುವೆ ಚೂರೇ ಚೂರು ತಗ್ಗು ಮಾಡಿದರೆ ದೂರದರ್ಶಕದ ಕನ್ನಡಿಯಾಗುತ್ತದೆ, ಅದರಲ್ಲಿ ಶನಿಗ್ರಹದ ಉಂಗುರ ಕಾಣುತ್ತದೆ ಎಂದು. ಅಲ್ಲಿಗೆ ಮುಗಿಯಿತು. ತನ್ನ ಕೈಯಾರೆ ಉಜ್ಜಿದ ಗಾಜಿನಲ್ಲಿ ಆ ಉಂಗುರ ನೋಡಬೇಕು ಎಂಬ ಹಂಬಲ ಅವಳನ್ನು ಹಿಡಿದುಕೊಂಡಿತು.

ಊರಿನಲ್ಲಿ ಕಲಿಸುವವರು ಇರಲಿಲ್ಲ ಎಂದಲ್ಲ. ಕಾರ್ಖಾನೆಯ ಫೋರ್‌ಮನ್ ಆರಿನ್ ಪೀಸ್ಲಿ ಪ್ರತಿ ಮಂಗಳವಾರ ಚರ್ಚಿನ ನೆಲಮಾಳಿಗೆಯಲ್ಲಿ ಇದೇ ಪಾಠ ಮಾಡುತ್ತಿದ್ದ. ಅವನಲ್ಲಿ ಎಲ್ಲಕ್ಕೂ ಕ್ರಮ. ಒಂದು ಪಾಠ ಕೈಗೆ ಹತ್ತಿ, ಅವನು ಪರೀಕ್ಷಿಸಿ ಸರಿ ಎನ್ನದೆ ಮುಂದಿನದು ಹೇಳುತ್ತಿರಲಿಲ್ಲ. ಲೊವೀನಾ ಒಂದು ದಿನ ಹೋಗಿ, ಬೇಸರ ಮಾಡಿಕೊಂಡು ಬಂದಳು.

"ಏನು ಕೇಳಿದ್ರೂ, ಅದು ಮುಂದಿನ ಪಾಠ ಅಂತಾನೆ ಅತ್ತಿಗೆ. ಅಲ್ಲಿವರೆಗೂ ನಾನು ಬದುಕಿರ್ತೀನೋ ಇಲ್ವೋ."

"ನಿನಗೆ ಸಾವೇ? ನೀನು ನಮ್ಮನ್ನೆಲ್ಲ ಹೂತು ಬರೋಳು," ಎಂದೆ.

ಸರಿ, ಚಳಿಗಾಲವಿಡೀ ಪತ್ರಿಕೆ ಮುಂದಿಟ್ಟುಕೊಂಡು ಬೇಕರಿಯ ಹಿಂದಿನ ಕೋಣೆಯಲ್ಲಿ ಉಜ್ಜಿದಳು. ಒಂದು ಪೀಪಾಯಿ, ಅದರ ಮೇಲೊಂದು ಗಾಜು, ಅದರ ಮೇಲೆ ಇನ್ನೊಂದು, ನಡುವೆ ಒದ್ದೆ ಮರಳಿನಂಥ ಪುಡಿ. ಉಜ್ಜುತ್ತ ಪೀಪಾಯಿಯ ಸುತ್ತ ನಡೆಯುವುದು. ಮೊದಮೊದಲು ದಪ್ಪ ಪುಡಿ, ಆಮೇಲಾಮೇಲೆ ನುಣ್ಣನೆಯದು. ಕೊನೆಗೆ ಹೊಳಪಿಗೆ ರಾಳ ಕಾಯಿಸಬೇಕಂತೆ. ಕಾಯಿಸಿದ್ದು ಯಾವುದರಲ್ಲಿ? ನಾವು ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವ ಪಾತ್ರೆಯಲ್ಲಿ. ಆ ವರ್ಷದ ಪಾಕವೆಲ್ಲ ಪೈನ್ ಮರದ ವಾಸನೆ. ಏಮಸ್ ಅದನ್ನೂ ಬಿಡದೆ ತಿಂದ.

ಮುಂದಿನ ಶರತ್ಕಾಲದಲ್ಲಿ ಶನಿ ಸಂಜೆ ಊಟದ ಹೊತ್ತಿಗೇ ಕಾಣುತ್ತಿತ್ತು. ಲೊವೀನಾ ಗಾಜಿಗೆ ಬೆಳ್ಳಿಯ ಲೇಪ ಕೊಟ್ಟು, ಉದ್ದ ಕೊಳವೆಯ ತಳದಲ್ಲಿ ಕೂರಿಸಿ, ಆ ದೂರದರ್ಶಕವನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ ಕಣ್ಣಿಟ್ಟಳು. ನಾನೂ ನೋಡಿದೆ. ಕಲಸಿ ಹೋದ ಮೊಟ್ಟೆಯಂತೆ ಏನೋ ಒಂದು. ಉಂಗುರವಿಲ್ಲ, ಗಿಂಗುರವಿಲ್ಲ.

ಅಳುತ್ತಾಳೆ ಅಂದುಕೊಂಡೆ. ಅವಳು, "ಯಾಕೆ ಹಿಂಗಾಯ್ತು?" ಎಂದು ಕೇಳುತ್ತ ಕೂತಳು. ಪತ್ರಿಕೆಯನ್ನು ಮೊದಲಿಂದ ಓದಿದಳು. ಎಲ್ಲ ಅದರಲ್ಲಿ ಹೇಳಿದ ಹಾಗೆಯೇ ಮಾಡಿದ್ದಳು. ಮರುದಿನ ಗಾಜನ್ನು ಟವೆಲಿನಲ್ಲಿ ಸುತ್ತಿ ಪೀಸ್ಲಿಯ ಹತ್ತಿರ ಹೊರಟಳು. ನೋಡೋಣವೆಂದು ನಾನೂ ಹೋದೆ.

ಪೀಸ್ಲಿ ನೆಲಮಾಳಿಗೆಯ ಕತ್ತಲಲ್ಲಿ ಸಣ್ಣ ದೀಪ ಹಚ್ಚಿ, ಗಾಜಿನ ಉಬ್ಬುತಗ್ಗು ನೆರಳಾಗಿ ಕಾಣಲೆಂದು, ಅದರಿಂದ ಹಿಂದಿರುಗುವ ಬೆಳಕಿಗೆ ಒಂದು ಬ್ಲೇಡನ್ನು ಅಡ್ಡ ತಂದ. "ಬಗ್ಗಿ ನೋಡಮ್ಮ," ಎಂದ.

ಲೊವೀನಾ ನೋಡಿದಳು. "ಡೋನಟ್ ಕಾಣ್ತಿದೆ."

"ಅದು ಕಾಣಬೇಕಾದ್ದೇ. ನಡುಭಾಗ ಚೆನ್ನಾಗೇ ಬಂದಿದೆ. ಅಂಚು ನೋಡು."

"ಅಂಚು ಕೆಳಗೆ ಬಾಗಿದೆ. ಇದು ನನಗೆ ಮೊದಲೇ ಯಾಕೆ ಕಾಣಲಿಲ್ಲ?"

"ಈ ಪಾಠಕ್ಕೆ ನೀನು ಬರಲಿಲ್ಲವಲ್ಲ," ಎಂದ ಪೀಸ್ಲಿ. ಚುಚ್ಚಿದನೋ, ಸುಮ್ಮನೆ ಹೇಳಿದನೋ, ಆ ಮನುಷ್ಯನ ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. "ಹೇಗೆ ಉಜ್ಜಿದೆ, ತೋರಿಸು."

ಅವಳು ತೋರಿಸಿದಳು. ಅವನು ಸ್ವಲ್ಪ ಹೊತ್ತು ನೋಡಿ, "ಇದು ರೊಟ್ಟಿಹಿಟ್ಟು ನಾದೋ ಕೈ," ಎಂದ. "ಅಂಗೈ ಬುಡದಿಂದ ಒತ್ತಿ ಆಚೆಗೆ ತಳ್ತೀಯಾ. ಪ್ರತಿ ಸಲ ಅಂಚಿಗೇ ಪೆಟ್ಟು. ಪತ್ರಿಕೆ ಬರೆದೋನಿಗೆ ನಿನ್ನ ಕೈ ಗೊತ್ತಾ?"

ಲೊವೀನಾ ತನ್ನ ಕೈಯನ್ನು, ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಇಷ್ಟು ವರ್ಷ ಜೊತೆಗಿದ್ದ ಕೈ!

ಎರಡು ದಾರಿಯಿದೆ ಎಂದ ಪೀಸ್ಲಿ. ಅಂಚನ್ನು ಕಪ್ಪು ಕಾಗದದ ಬಳೆಯಿಂದ ಮುಚ್ಚಿದರೆ ಉಂಗುರ ಕಾಣುತ್ತದೆ, ಆದರೆ ಮಂಕಾಗಿ. ಇಲ್ಲವೇ ದಪ್ಪ ಪುಡಿ ಹಾಕಿ ಮೊದಲಿಂದ ಉಜ್ಜಬೇಕು. ಆಗ ಕಳೆದ ಚಳಿಗಾಲದ ಕೆಲಸವೆಲ್ಲ ನೀರು ಪಾಲು, ಹೊಸದು ಇದರಷ್ಟಾದರೂ ಬಂದೀತೆಂಬ ಭರವಸೆ ತಾನು ಕೊಡಲಾರೆ ಎಂದ.

ಅವತ್ತು ಸಂಜೆಯೇ ಕಾಗದ ಕತ್ತರಿಸಿ ಅಂಟಿಸಿದಳು. ಕಂಡಿತು. ಬಟಾಣಿಯಷ್ಟು ಗ್ರಹ, ಸುತ್ತ ಉಂಗುರ, ನಡುವೆ ಕಪ್ಪು ಸಂದು. ಏಮಸ್ ಬಾಯಲ್ಲಿದ್ದುದನ್ನು ಅಗಿಯುವುದನ್ನೇ ಮರೆತ. ಲೊವೀನಾ ಯಾರಿಗೂ ಜಾಗ ಬಿಡದೆ ನೋಡಿದಳು, ಅದು ಮರಗಳ ಹಿಂದೆ ಇಳಿಯುವವರೆಗೂ.

ಬಯಸಿದ್ದು ಸಿಕ್ಕಿತು, ಇನ್ನು ಸುಮ್ಮನಾಗುತ್ತಾಳೆ ಅಂದುಕೊಂಡೆ. ಮಂಗಳವಾರ ನೋಡಿದರೆ ಗಾಜು ಎತ್ತಿಕೊಂಡು ಪಾಠಕ್ಕೆ ಹೊರಟಿದ್ದಾಳೆ. ನಾನೂ ಹಿಂದೆಯೇ ಹೋದೆ. ಅಲ್ಲಿ ಆ ಕಪ್ಪು ಬಳೆ ಕಿತ್ತು, ದಪ್ಪ ಪುಡಿಯ ಡಬ್ಬಿ ತೆರೆದಳು. ನಾನು ಅವಳ ಕೈ ಹಿಡಿದೆ.

"ಕಾಣ್ತಿತ್ತಲ್ಲೇ ಮಹರಾಯ್ತಿ, ಯಾಕೆ ಹಾಳು ಮಾಡ್ತೀಯಾ?"

"ಕಾಣ್ತು ಅತ್ತಿಗೆ. ಆದ್ರೆ ಮುಚ್ಚಿದ ಅಂಚಲ್ಲಿ ಇನ್ನೂ ಏನೇನು ಕಾಣ್ತಿತ್ತೋ, ನೋಡ್ಬೇಡ್ವಾ?" ಎಂದವಳು ಪೀಸ್ಲಿ ಕಡೆ ತಿರುಗಿ, "ಮೊದಲನೇ ಪಾಠ ಹೇಳಪ್ಪ. ಪ್ರಶ್ನೆ ಮಾತ್ರ ಕೇಳೇ ಕೇಳ್ತೀನಿ," ಎಂದಳು.

"ಕೇಳು. ಕೈ ಮಾತ್ರ ಹಗುರ," ಎಂದ ಅವನು.

ಪುಡಿಯ ಮೇಲೆ ಗಾಜು ಕರ್ರೆಂದಿತು. ನನ್ನ ಹಲ್ಲು ಜುಮ್ಮೆಂದವು. ಅಷ್ಟು ಹೊಳೆಯುತ್ತಿದ್ದುದು ನೋಡನೋಡುತ್ತ ಮಂಜು ಹಿಡಿದಂತೆ ಬಿಳುಚಿಕೊಂಡಿತು. ಲೊವೀನಾ ತಲೆ ವಾಲಿಸಿಕೊಂಡು ಆ ಸದ್ದನ್ನು ಕೇಳುತ್ತ, ಬೆರಳ ತುದಿಗಳಲ್ಲಷ್ಟೇ ಗಾಜು ಹಿಡಿದು ಅಲ್ಲಿನ ಪೀಪಾಯಿಯನ್ನು ಸುತ್ತತೊಡಗಿದಳು.