ಮೈಕಿಗೆ ಬಾಡಿಗೆ, ಮೇಷ್ಟ್ರಿಗೆ ಶಾಲು

ದುಡಿಯುವ ಮನಸ್ಸಿಗೆ ನಿವೃತ್ತಿ ಎಂಬುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಹಾಗೆ ಹೇಳುವ ಬಲ್ಲವರಿಗೆಲ್ಲ ತಿಂಗಳಾದರೆ ಪಿಂಚಣಿ ಬರುತ್ತದೆ.

ನನಗೆ ಬರುವುದಿಲ್ಲ. ಚನ್ನಗಿರಿಯ ಅನುದಾನರಹಿತ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳಿ ಮನೆಗೆ ಬಂದವನು ನಾನು. ಬರುವಾಗ ಜೊತೆಯಲ್ಲಿದ್ದದ್ದು ಒಂದಿಷ್ಟು ಪಿ.ಎಫ್. ಮತ್ತು ಕೊನೆಯ ಬೆಂಚಿಗೂ ಮುಟ್ಟುವ ಗಂಟಲು. ಪಿ.ಎಫ್. ಸೋರುವ ತಾರಸಿಗೆ ಹೋಯಿತು. ಉಳಿದ ಗಂಟಲನ್ನಾದರೂ ದುಡಿಸೋಣವೆಂದು ಸಭೆ-ಸಮಾರಂಭಗಳ ನಿರೂಪಣೆಗೆ ಇಳಿದೆ.

ಗಳಿಸಿದ್ದೇನು? ಶಾಲು. ಹೊನ್ನಾಳಿಯ ಆರತಕ್ಷತೆಗೊಂದು, ತ್ಯಾವಣಿಗೆಯ ಶಾಲಾ ವಾರ್ಷಿಕೋತ್ಸವಕ್ಕೊಂದು. ಈಗ ಬೀರು ತೆಗೆದರೆ ಮೈಮೇಲೆ ಬೀಳುತ್ತವೆ. (ಏಪ್ರಿಲ್ ತಿಂಗಳ ಚನ್ನಗಿರಿಯಲ್ಲಿ ಶಾಲು ಹೊದ್ದು ಕೂತವನನ್ನು ಜನ ಗೌರವಿಸುವುದಿಲ್ಲ, ಆಸ್ಪತ್ರೆಗೆ ಒಯ್ಯುತ್ತಾರೆ.)

"ಇದನ್ನ ತಗಂಡು ಮೆಡಿಕಲ್ ಶಾಪಿಗೆ ಹೋದ್ರೆ ಬಿ.ಪಿ. ಮಾತ್ರೆ ಕೊಡ್ತಾರೇನ್ರೀ?" ಎಂದು ನನ್ನಾಕೆ ಕೇಳಿದಳು. ಕೊಡುವುದಿಲ್ಲ. ನಾನು ವಿಚಾರಿಸಿದ್ದೇನೆ.

ಹಾಗಾಗಿ ಕಳೆದ ಭಾನುವಾರದ ನ್ಯಾಮತಿಯ ಕಾರ್ಯಕ್ರಮಕ್ಕೆ ಫೋನಿನಲ್ಲೇ ದರ ಹೇಳಿಬಿಟ್ಟೆ: ಒಂದು ಸಾವಿರ. ಕರೆದವರು ಹಿರಿಯ ನಾಗರಿಕರ ಸಂಘದ ಅಧ್ಯಕ್ಷರು, ಅಡಿಕೆ ವ್ಯಾಪಾರಿ ರುದ್ರೇಶಪ್ಪ. "ಬರ್ರಿ ಸಾರ್, ನೋಡ್ಕಂತೀವಿ. ಮುಂದಿನ ತಿಂಗಳು ಜಗಳೂರಾಗೂ ಪ್ರೋಗ್ರಾಮ್ ಐತೆ, ಅಲ್ಲೂ ನೀವೇ," ಎಂದರು.

ಕಾರ್ಯಕ್ರಮದ ವಿಷಯವೇನು ಗೊತ್ತೇ? 'ನಿವೃತ್ತಿಯ ನಂತರ ಆದಾಯದ ಮೂಲಗಳು.' ನಾನು ಸುಳ್ಳು ಹೇಳುತ್ತಿಲ್ಲ. ಬ್ಯಾನರಿನಲ್ಲಿ ಹಾಗೇ ಇತ್ತು.

ಮುಖ್ಯ ಭಾಷಣಕಾರರು ನಿವೃತ್ತ ಅಧಿಕಾರಿ. ಕಾರು ಕಳಿಸಿ ಕರೆಸಿದ್ದರು. ಠೇವಣಿ ಇಡಿ ಎಂದರು, ಮೇಲಂತಸ್ತು ಕಟ್ಟಿ ಬಾಡಿಗೆಗೆ ಕೊಡಿ ಎಂದರು. ಕೊನೆಗೆ ಧ್ವನಿ ಏರಿಸಿ, "ನಿಮಗೆ ಹಾಡು ಬರುತ್ತದೆಯೇ? ಮಾತು ಬರುತ್ತದೆಯೇ? ಅದಕ್ಕೆ ಬೆಲೆ ಕಟ್ಟಿ. ಬಿಟ್ಟಿ ದುಡಿಯಬೇಡಿ!" ಎಂದರು. ಕೈಯಲ್ಲಿ ಮೈಕಿದೆ ಎಂಬುದನ್ನೂ ಮರೆತು ನಾನು ಚಪ್ಪಾಳೆ ಹೊಡೆದೆ. ಸಭೆ ಬೆಚ್ಚಿಬಿತ್ತು.

ಭಾಷಣ ಮುಗಿಸಿ ಅವರು ಕಾರು ಹತ್ತಿದರು. ರುದ್ರೇಶಪ್ಪ ನನ್ನನ್ನು ವೇದಿಕೆಯ ನಡುವಿಗೆ ಎಳೆದು ಶಾಲು ಹೊದಿಸಿದರು. ಮೇಲೊಂದು ಹಾರ, ಕೈಗೊಂದು ಮೂಸಂಬಿ.

"ಮತ್ತೆ ಅದು?" ಎಂದೆ, ಮೈಕನ್ನು ಮುಚ್ಚಿ ಹಿಡಿದು.

"ಯಾವ್ದು ಸಾರ್?"

"ಸಾವಿರ."

"ಅಯ್ಯೋ, ನಿಮ್ಮಂಥ ದೊಡ್ಡೋರಿಗೆ ದುಡ್ಡು ಕೊಟ್ಟು ಅವಮಾನ ಮಾಡಾಕೆ ಆಗತೈತಾ?"

"ಒಂದ್ಸಲ ಮಾಡಿ ನೋಡ್ರಿ ರುದ್ರೇಶಪ್ಪ. ತಡ್ಕಂತೀನಿ."

ಅವರು ನಕ್ಕರು. "ಮನ್ಯಾಗೆ ಸುಮ್ನೆ ಕುಂತಿರೋ ಬದ್ಲು ಆಕ್ಟಿವ್ ಆಗಿ ಇರಾಕೆ ಇದು ಒಳ್ಳೇದು ಸಾರ್. ಟೈಂಪಾಸೂ ಆಗತೈತೆ."

ಇದು, ಇದೇ ನನ್ನ ರಕ್ತ ಕುದಿಸುವ ಮಾತು. ಮೂವತ್ತರ ಹುಡುಗ ಮಾಡಿದರೆ ಉದ್ಯೋಗ, ಅರವತ್ತರವನು ಮಾಡಿದರೆ ಟೈಂಪಾಸೇ? ಆಕ್ಟಿವ್ ಆಗಿರಬೇಕೆಂದರೆ ನಮ್ಮೂರ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಅದಕ್ಕೆ ಎರಡು ಬಸ್ಸು ಬದಲಿಸಿ, ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆದು, ನ್ಯಾಮತಿಯವರೆಗೆ ಬಂದು "ಈಗ ಗಣ್ಯರಿಂದ ದೀಪ ಬೆಳಗುವಿಕೆ" ಎಂದು ಕೂಗಬೇಕೇ? ಮುದುಕನ ಹೊಟ್ಟೆ ಗೌರವ ತಿಂದು ತುಂಬುತ್ತದೆ ಎಂದು ಇವರಿಗೆ ಹೇಳಿದವರು ಯಾರು?

ಕಾರ್ಯದರ್ಶಿ ಊಟದ ವ್ಯವಸ್ಥೆ ನೋಡಲು ಹೋಗಿದ್ದರು. ವಂದನಾರ್ಪಣೆಯೂ ನನ್ನ ಪಾಲಿಗೇ ಬಂತು. ಶಾಲು ಸರಿಮಾಡಿಕೊಂಡು ಶುರು ಮಾಡಿದೆ.

"ಶಾಮಿಯಾನ ಹಾಕಿದವರಿಗೆ ವಂದನೆಗಳು, ಅವರಿಗೆ ಹಣ ಸಂದಿದೆ. ಅಡುಗೆಯವರಿಗೆ ವಂದನೆಗಳು, ಹಣ ಸಂದಿದೆ. ಮೈಕ್ ಸೆಟ್ಟಿನವರಿಗೆ ವಂದನೆಗಳು..."

"ಅಡ್ವಾನ್ಸೇ ತಗಂಡೀನಿ ಸಾರ್!" ಎಂದು ಮೈಕಿನವನು ಮೂಲೆಯಿಂದ ಕೂಗಿದ.

"...ಅಡ್ವಾನ್ಸೇ ಸಂದಿದೆ. ಆ ಮೈಕಿನಲ್ಲಿ ಮಾತಾಡಿದ ನನಗೆ ಈ ಶಾಲು ಸಂದಿದೆ. ಸಾವಿರ ರೂಪಾಯಿಗೆ ಮಾರಾಟಕ್ಕಿದೆ. ಹೊಸದು. ಇವತ್ತಿನ ಭಾಷಣದ ಪ್ರಕಾರ ಇದೇ ನನ್ನ ಆದಾಯದ ಮೂಲ."

ಮುಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು ನಿಂತರು. "ಕೊಡ್ರಪ್ಪಾ ಅವ್ರಿಗೆ! ಬೆಳಿಗ್ಗಿಂದ ನಿಂತೇ ಐತೆ ಜೀವ. ಶಾಲು ಏನು ನೆಕ್ಕಾಕೆ ಬರತೈತಾ?" ಇಡೀ ಸಭೆ ನಕ್ಕಿತು. ರುದ್ರೇಶಪ್ಪ ಮಾತ್ರ ನಗಲಿಲ್ಲ.

ಊಟದ ಪಂಕ್ತಿಯಲ್ಲಿ ಅವರು ಬಂದು ನನ್ನ ಎಲೆಯ ಪಕ್ಕ ಎಂಟುನೂರು ರೂಪಾಯಿ ಇಟ್ಟರು. ನಾನು ಚೌಕಾಸಿ ಮಾಡಲಿಲ್ಲ. ಬರುವಾಗಲೇ ಬಿ.ಪಿ. ಮಾತ್ರೆ ಕೊಂಡು ತಂದೆ. ಶಾಲು ಬೀರುವಿಗೆ ಹೋಯಿತು.

ಜಗಳೂರಿನ ಕಾರ್ಯಕ್ರಮಕ್ಕೆ ಬೇರೆ ನಿರೂಪಕರನ್ನು ಗೊತ್ತು ಮಾಡಿದ್ದಾರೆ. ಅವರೂ ನಿವೃತ್ತ ಮೇಷ್ಟ್ರು.